ಮಗ್ಗಕ್ಕೂ ಮುಯ್ಯಾಳು

ದಾವಣಗೆರೆ
16 ಸೆಪ್ಟೆಂಬರ್ 1957

ಪೂಜ್ಯ ನಾಗಕ್ಕನವರಿಗೆ,

ರಾಮಚಂದ್ರಪ್ಪನ ನಮಸ್ಕಾರಗಳು. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಹರಿಹರದಲ್ಲಿ ನೀವೂ ಆರೋಗ್ಯವಾಗಿರುವಿರೆಂದು ನಂಬಿದ್ದೇನೆ.

ಈ ಪತ್ರವನ್ನು ಕಚೇರಿಯ ಕೆಲಸದ ಮೇಲೆ ಬರೆಯುತ್ತಿದ್ದೇನೆ. ನಾನು ಲೇಬರ್ ಆಫೀಸರ್ ಆಗಿ ಈ ಮಿಲ್ಲಿಗೆ ಬಂದಾಗಿನಿಂದ ನೋಡುತ್ತಿದ್ದೇನೆ, ಕೆಲಸ ಕಲಿತ ನೇಕಾರರು ನಿಲ್ಲುತ್ತಿಲ್ಲ. ಹೊಸಬರನ್ನು ತಂದು, ಕಲಿಸಿ, ಕೈ ಕುದುರಿತು ಅನ್ನುವಷ್ಟರಲ್ಲಿ ಹೇಳದೆ ಕೇಳದೆ ಹೋಗಿಬಿಡುತ್ತಾರೆ. ಸಾಲುಸಾಲು ಮಗ್ಗಗಳು ಸುಮ್ಮನೆ ನಿಂತಿವೆ. ಮೊನ್ನೆ ಸಾಹುಕಾರರು ಕರೆದು ಹೇಳಿಬಿಟ್ಟರು: "ಈ ಸುಗ್ಗಿ ಮುಗಿಯೋದ್ರೊಳಗೆ ಜನ ನಿಲ್ಲಬೇಕು ರಾಮಚಂದ್ರಪ್ಪ. ಇಲ್ಲಾಂದ್ರೆ ಸೊಲ್ಲಾಪುರದಿಂದ ಜನ ತರಿಸ್ತೀನಿ. ಆಮೇಲೆ ನಿಮ್ಮ ಕುರ್ಚಿಗೂ ಇಲ್ಲಿ ಕೆಲಸ ಇರಲ್ಲ."

ಬಿಟ್ಟು ಹೋದವರಲ್ಲಿ ಬಹಳ ಜನ ಹರಿಹರದ ಹೊಸ ಕಾರ್ಖಾನೆಗೆ ಸೇರಿದ್ದಾರೆಂದೂ, ಮಧ್ಯಾಹ್ನ ನಿಮ್ಮ ಖಾನಾವಳಿಯಲ್ಲೇ ಉಣ್ಣುತ್ತಾರೆಂದೂ ಕೇಳಿದ್ದೇನೆ. ಅಲ್ಲಿ ಅವರಿಗೆ ಎಷ್ಟು ಸಂಬಳ, ಯಾರು ಕರೆಸಿಕೊಂಡರು, ಇಷ್ಟನ್ನು ವಿಚಾರಿಸಿ ತಿಳಿಸಬೇಕು. ಸಾರಥಿ ಊರಿನ ಓಬಯ್ಯ ಎಂಬ ನೇಕಾರ ಮುಖ್ಯ. ಅವನು ಹೋದ ಮೇಲೆಯೇ ಉಳಿದವರೂ ಹೊರಟಿದ್ದು.

ಇನ್ನೊಂದು ವಿಷಯ. ನೀವು ನನ್ನ ಅಕ್ಕ ಎಂದು ಆ ಜನಕ್ಕೆ ಹೇಳಬೇಕಾಗಿಲ್ಲ. ನನ್ನ ಹುದ್ದೆಗೆ ಅದು ಸರಿಹೋಗುವುದಿಲ್ಲ. ನಿಮಗೆ ಅರ್ಥವಾಗುತ್ತದೆ.

ಇತಿ,
ಬಿ. ರಾಮಚಂದ್ರಪ್ಪ


ಹರಿಹರ
20 ಸೆಪ್ಟೆಂಬರ್ 1957

ರಾಮಚಂದ್ರಾ,

ನಾಗಕ್ಕನವರಂತೆ! ನೀವಂತೆ! ನಿನ್ನ ಮೂಗು ಒರೆಸಿ ಬೆಳೆಸಿದ ಕೈ ಕಣೋ ಇದು. ಯಾವಾಗಿನಿಂದ ನಾನು ನಿನಗೆ 'ನೀವು' ಆದೆ? ಕಾಗದ ಓದಿ, ಯಾವುದೋ ಬ್ಯಾಂಕಿನವರು ಬರೆದಿದ್ದಾರೆ ಅಂದುಕೊಂಡೆ.

ನಿನ್ನ ಭಾವ ತೀರಿಕೊಂಡ ಮೇಲೆ ನಾನು ಯಾರ ಮನೆ ಬಾಗಿಲಿಗೂ ಹೋಗದೆ ಒಲೆ ಹಚ್ಚಿದೆ. ರೈಲು ಹತ್ತಿದರೆ ಅರ್ಧ ಗಂಟೆಯ ದಾರಿ. ಒಂದು ದಿನ ಬಂದು ನನ್ನ ಬೆಂಚಿನ ಮೇಲೆ ಕೂತು ಒಂದು ತುತ್ತು ಉಂಡವನಲ್ಲ ನೀನು. ಈಗ ನನ್ನ ಎಲೆ ಮುಂದೆ ಕೂತವರ ಹೊಟ್ಟೆಯಲ್ಲಿ ಏನಿದೆ ಅಂತ ನಾನು ತೆಗೆದು ನಿನಗೆ ಕಳಿಸಬೇಕು, ಅಲ್ಲವಾ? ಅನ್ನ ಹಾಕುವ ಕೈಯಿಂದ ಆ ಕೆಲಸ ಆಗಲ್ಲ. ನಿನ್ನ ಅಕ್ಕ ಅಂತಲೂ ನಾನು ಹೇಳಿಕೊಳ್ಳಲ್ಲ ಬಿಡು, ನನಗೇನು ಅದರಿಂದ ಕಿರೀಟ ಬರಬೇಕಾಗಿಲ್ಲ.

ಆದರೂ ಕೇಳಿದ್ದೀಯ ಅಂತ ಒಂದು ಮಾತು. ಆ ಓಬಯ್ಯ ಇಲ್ಲಿ ಮೀಸೆ ತಿರುವಿಕೊಂಡು ಕೂತಿಲ್ಲ. ಕಾರ್ಖಾನೆಯಲ್ಲಿ ಮರಳು ಹೊರುತ್ತಾನೆ. ಸಂಬಳ ನಿನ್ನ ಮಿಲ್ಲಿಗಿಂತ ಕಡಿಮೆ. ನಾನು ಅವನನ್ನು ಕೇಳಲಿಲ್ಲ, ಅವನೇ ಸಾರು ಸುರಿದುಕೊಳ್ಳುತ್ತಾ ಹೇಳಿದ್ದು. ಕೈ ನೋಡಬೇಕು ನೀನು, ಎಳೆ ಹಿಡಿಯುವ ಬೆರಳು, ಈಗ ಬೊಬ್ಬೆ ಎದ್ದಿವೆ. ಕಡಿಮೆ ಸಂಬಳಕ್ಕೆ ಯಾಕೆ ಬಂದ ಅಂತ ನೀನೇ ಯೋಚನೆ ಮಾಡು, ಓದಿದವನು.

ಬೆಳಿಗ್ಗೆ ಹೊತ್ತು ಒಂದ್ಸಲ ಆಫೀಸು ಬಿಟ್ಟು ನಿಮ್ಮ ಮಿಲ್ಲಿನ ಗೇಟಿನ ಹತ್ತಿರ ನಿಂತು ನೋಡು.

ನಾಗಕ್ಕ


ದಾವಣಗೆರೆ
4 ಅಕ್ಟೋಬರ್ 1957

ಅಕ್ಕನಿಗೆ ನಮಸ್ಕಾರ.

ನೀನು ಹೇಳಿದಂತೆ ಗೇಟಿನ ಬಳಿ ನಿಂತೆ, ಪೇಟ ಸುತ್ತಿಕೊಂಡು, ಯಾರಿಗೂ ಗುರುತು ಸಿಗದ ಹಾಗೆ. ರಜೆ ಹಾಕಿದವರ ಬದಲಿಗೆ ದಿನಗೂಲಿಗೆ ಜನ ಬೇಕಾಗುತ್ತದೆ. ಅವರನ್ನು ಬದಲಿಯವರು ಅನ್ನುತ್ತೇವೆ. ಅವರನ್ನು ಆರಿಸುವುದು ನಮ್ಮ ಮೇಸ್ತ್ರಿ ಅಂಜಿನಪ್ಪ. ಅವನು ಅಲ್ಲಿ ಮದುವೆ ಗಂಡಿನ ಹಾಗೆ ನಿಂತಿದ್ದ. ಒಬ್ಬ ತುಪ್ಪದ ಡಬ್ಬಿ ತಂದಿದ್ದ, ಒಳಗೆ ಹೋದ. ಇನ್ನೊಬ್ಬಳು ಕೋಳಿ ತಂದಿದ್ದಳು, ಅವಳೂ ಹೋದಳು. ಬರಿಗೈಯವನನ್ನು ನೋಡಿ, "ನಾಳೆ ಬಾರಲೇ, ಇವತ್ತು ಜಾಗ ಇಲ್ಲ" ಅಂದ. ಜಾಗವಿರಲಿಲ್ಲವಂತೆ! ಒಳಗೆ ಮಗ್ಗಗಳು ನಿಂತಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು.

ಪೇಟ ಕಿತ್ತು ಅಲ್ಲೇ ಮುಂದೆ ಬಂದೆ. ಅಂಜಿನಪ್ಪನ ಮುಖ ನೋಡಬೇಕಿತ್ತು ನೀನು. ಕೋಳಿ ಅವನ ಕಂಕುಳಲ್ಲೇ ಕೂಗುತ್ತಿತ್ತು. ಈಗ ಬಂದ ಸಾಲಿನ ಪ್ರಕಾರವೇ ಒಳಗೆ ಹೋಗುವ ಬಿಲ್ಲೆ ಕೊಡುವುದು, ಕೊಡುವವನು ನನ್ನ ಕಚೇರಿಯವನು. ಅಂಜಿನಪ್ಪನನ್ನು ಗೋದಾಮಿಗೆ ಹಾಕಿಸಿದ್ದೇನೆ.

ಇಷ್ಟಕ್ಕೇ ಬಿಟ್ಟಿಲ್ಲ. ಸುಗ್ಗಿಗೆ ಜನ ಓಡಿಹೋಗುತ್ತಾರಲ್ಲ, ಅದಕ್ಕೂ ಯೋಜನೆ ಹಾಕಿದ್ದೇನೆ. ಖಾತೆವಾರು ರಜೆ. ಮೊದಲು ನೇಯ್ಗೆಯವರು ಒಂದು ವಾರ, ಅವರು ಬಂದ ಮೇಲೆ ನೂಲುವವರು, ಆಮೇಲೆ ಲಾಳಿಯ ಕಂಡಿಕೆಗೆ ನೂಲು ಸುತ್ತುವವರು. ನೋಟೀಸು ಅಚ್ಚು ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಓಬಯ್ಯನಿಗೂ ಉಳಿದವರಿಗೂ ತೋರಿಸು. ಓದಿದ ಕೂಡಲೇ ರೈಲು ಹತ್ತುತ್ತಾರೆ ನೋಡು!

ರಾಮಚಂದ್ರ


ಹರಿಹರ
11 ಅಕ್ಟೋಬರ್ 1957

ರಾಮಚಂದ್ರಾ,

ಕೋಳಿ ವಿಷಯ ಓದಿ ನಗು ತಡೆಯಲಾಗದೆ ಒಗ್ಗರಣೆ ಸೀದುಹೋಯಿತು. ಅದನ್ನು ಚೆನ್ನಾಗಿ ಮಾಡಿದೆ. ಶಾಭಾಸ್.

ಆದರೆ ನಿನ್ನ ನೋಟೀಸು! ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ಯಾರು ಕಳಿಸಿದ್ದು ಅಂತ ಹೇಳಲಿಲ್ಲ, ಹೆದರಬೇಡ. ಓದಿ ಮುಗಿಸುವಷ್ಟರಲ್ಲಿ ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಓಬಯ್ಯ ಒಬ್ಬ ನಗಲಿಲ್ಲ. ಅವನು ಅಂದ ಮಾತನ್ನು ಹಾಗೇ ಬರೆಯುತ್ತೇನೆ.

"ಅಕ್ಕಾರೆ, ನಮ್ಮೂರಾಗೆ ಭತ್ತ ಕೊಯ್ಯೋದು ಮಿಲ್ಲಿನ ಖಾತೆ ನೋಡಿಯೇನ್ರಿ? ನಾನು ಮಗ್ಗ, ನನ್ನ ಹೆಂಡ್ತಿ ಕಂಡಿಕೆ, ನನ್ನ ಮೈದುನ ನೂಲು. ನಾನು ಹೋಗೋ ವಾರ ಅವರು ಇಲ್ಲ, ಅವರು ಹೋಗೋ ವಾರಕ್ಕೆ ಭತ್ತ ಉದುರಿ ನೆಲ ಸೇರಿರ್ತೈತೆ. ನನಗೇನು ಗೇಣು ಜಮೀನಿಲ್ರಿ. ಆದ್ರೆ ನನ್ನ ಮನೆ ಗೋಡೆ ಎದ್ದಾಗ ಮಣ್ಣು ತುಳಿದೋರು ಊರೋರು. ನನ್ನ ಮಗಳ ಮದುವೆ ಚಪ್ಪರ ಹಾಕಿದೋರು ಅವರು. ಅವರ ಕೊಯ್ಲಿಗೆ ನಾನು ಮುಯ್ಯಾಳು ಹೋಗ್ಲಿಲ್ಲಾಂದ್ರೆ ನಾಳೆ ನನ್ನ ಹೆಣ ಹೊರಾಕೂ ಯಾರೂ ಬರಲ್ಲ."

ಕೇಳಿದೆಯಾ? ನೀನು ದುರ್ಗದ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ನಾನು ಹೊಲದಲ್ಲಿದ್ದೆ. ನನಗೆ ಗೊತ್ತು. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಅದರಲ್ಲಿ ಕೂಲಿ ಇಲ್ಲ, ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಹೋದ ವರ್ಷ ಓಬಯ್ಯ ಹಾಗೆ ಮುಯ್ಯಾಳು ಹೋದ. ತಿರುಗಿ ಬಂದಾಗ ಅವನ ಮಗ್ಗದ ಮುಂದೆ ಇನ್ಯಾರೋ ನಿಂತಿದ್ದರು. "ಬದಲಿಯವರ ಸಾಲಿನಾಗೆ ನಿಂತ್ಕೊ" ಅಂದರಂತೆ. ಆ ಮಗ್ಗ ಮಿಲ್ಲಿಗೆ ಬಂದ ದಿನ ಪೂಜೆ ಮಾಡಿ, ಮೊದಲ ಎಳೆ ಹಾಕಿದವನು ಅವನು. ಅಲ್ಲಿಂದ ನೆಟ್ಟಗೆ ಸ್ಟೇಷನ್ನಿಗೆ ಬಂದು ರೈಲು ಹತ್ತಿದ.

ನಿನ್ನ ಯೋಜನೆಯನ್ನು ಮೇಜಿನ ಮೇಲೆ ಬರೆದಿದ್ದೀಯ. ಕಾಲಿಗೆ ಸ್ವಲ್ಪ ಮಣ್ಣು ಮಾಡಿಕೊಂಡು ಬರೆ.

ನಾಗಕ್ಕ


ದಾವಣಗೆರೆ
5 ನವೆಂಬರ್ 1957

ಅಕ್ಕಾ,

ಬೈದೆಯಲ್ಲ, ಎರಡು ದಿನ ಸಿಟ್ಟು ಮಾಡಿಕೊಂಡು ನಿನ್ನ ಕಾಗದವನ್ನು ಡ್ರಾಯರಿನಲ್ಲಿ ಹಾಕಿಬಿಟ್ಟೆ. ಮೂರನೇ ದಿನ ಸೈಕಲ್ ಹತ್ತಿದೆ. ಸಾರಥಿಗೂ ಹೋದೆ, ಹದಡಿಗೂ ಹೋದೆ. ನಮ್ಮ ಜನ ಹೆಚ್ಚಾಗಿ ಈ ಎರಡು ಕಡೆಯವರೇ. ಸಾರಥಿಯಲ್ಲಿ ಭತ್ತದ ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದೆ. ಕಾಲಿಗೇನು, ಪ್ಯಾಂಟಿಗೂ ಮಣ್ಣಾಯಿತು, ಸಮಾಧಾನವಾಯಿತೇ?

ಅಲ್ಲೇ ಬಿದ್ದುಕೊಂಡು ಹೊಳೆದಿದ್ದು ಇದು. ಸಾರಥಿಯ ಭತ್ತ ಡಿಸೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ. ಹದಡಿಯ ಬಿಳಿಜೋಳ ಸಂಕ್ರಾಂತಿ ಕಳೆದ ಮೇಲೆ. ಎರಡೂ ಒಟ್ಟಿಗೆ ಬರುವುದೇ ಇಲ್ಲ! ಖಾತೆವಾರು ಬೇಡ, ಊರುವಾರು ರಜೆ. ಸಾರಥಿಯವರು ಮನೆಮಂದಿಯೆಲ್ಲ ಕೊಯ್ಲಿಗೆ ಹೋದಾಗ ಅವರ ಮಗ್ಗ ಹದಡಿಯವರು ನಡೆಸುತ್ತಾರೆ. ಹದಡಿಯವರು ಜೋಳಕ್ಕೆ ಹೋದಾಗ ಸಾರಥಿಯವರು ಇವರ ಮಗ್ಗಕ್ಕೆ. ಹೊಲಕ್ಕೆ ಮುಯ್ಯಾಳು ಇರುವ ಹಾಗೆ ಮಗ್ಗಕ್ಕೂ ಮುಯ್ಯಾಳು. ಯಾರ ಮಗ್ಗ ಅವರ ಹೆಸರಿನಲ್ಲೇ ಇರುತ್ತದೆ. ತಿರುಗಿ ಬಂದವರು ಗೇಟಿನಲ್ಲಿ ನಿಲ್ಲುವ ಹಾಗಿಲ್ಲ, ನೆಟ್ಟಗೆ ತಮ್ಮ ಮಗ್ಗಕ್ಕೆ.

ಎಲ್ಲರನ್ನೂ ಕೂಡಿಸಿ ಹೇಳಿದೆ. ಕಂಡಿಕೆ ಖಾತೆಯಲ್ಲಿ ಹದಡಿಯ ಚೌಡವ್ವ ಅಂತ ಇದ್ದಾಳೆ, ಅವಳ ದನಿಗೆ ಯಂತ್ರಗಳೂ ಹೆದರಬೇಕು. ಎದ್ದು ನಿಂತು ಕೇಳಿದಳು: "ಸಾಹೇಬ್ರೆ, ಊರಾಗೆ ಮುಯ್ಯಾಳು ತಪ್ಪಿಸಿದೋರ ಮನೆ ಬೆಂಕಿ ಕೂಡ ಯಾರೂ ಇಸ್ಕೊಳ್ಳಲ್ಲ. ನೀವು ತಪ್ಪಿಸಿದ್ರೆ ಏನು ಮಾಡಾಣ?"

ನಾನು ಮಾತು ಕೊಟ್ಟೆ, ಅಕ್ಕ. ಎದ್ದು ನಿಂತು ಕೊಟ್ಟೆ. ಸಾಹುಕಾರರು ಅರೆಮನಸ್ಸಿನಿಂದ ಹೂಂ ಅಂದಿದ್ದಾರೆ.

ಆದರೆ ಈಗ ಇರುವ ಜನ ಸಾಲುವುದಿಲ್ಲ. ಹಳಬರು ಬರಬೇಕು. ಓಬಯ್ಯನ ಮಗ್ಗವನ್ನು ಒರೆಸಿಟ್ಟಿದ್ದೇನೆ, ಯಾರಿಗೂ ಕೊಟ್ಟಿಲ್ಲ. ಅವನಿಗೆ ಹೇಳುತ್ತೀಯಾ?

ನಿನ್ನ ತಮ್ಮ,
ರಾಮಚಂದ್ರ


ಹರಿಹರ
13 ನವೆಂಬರ್ 1957

ರಾಮಚಂದ್ರಾ,

ಹೇಳಲ್ಲ.

ನಿನ್ನ ಯೋಜನೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನನ್ನ ಬೆಂಚಿನ ಮೇಲೆ ಕೂರುವವರಲ್ಲಿ ಅರ್ಧಕ್ಕರ್ಧ ನಿನ್ನ ಮಿಲ್ಲಿನಿಂದ ಬಂದವರೇ. ಅವರು ಎದ್ದು ಹೋದರೆ ನಾನು ಯಾರಿಗೆ ಬಡಿಸಲಿ? ಗೋಡೆಗೆ? ಹೋದ ಮಳೆಗಾಲದಲ್ಲಿ ನನ್ನ ಸೋಗೆಯ ಮಾಡು ಸೋರಿ, ಉಣ್ಣುವವರು ಎಲೆ ಎತ್ತಿಕೊಂಡು ಮೂಲೆಯಿಂದ ಮೂಲೆಗೆ ಓಡಾಡಿದರು. ಕಷ್ಟಪಟ್ಟು ಹೆಂಚು ತರಿಸಿ ಹಿತ್ತಿಲಲ್ಲಿ ಪೇರಿಸಿದ್ದೇನೆ. ಮರ, ಬಡಗಿ, ಹೊದಿಸುವ ಆಳು, ಇಷ್ಟು ಆದರೆ ಬೇಸಿಗೆಯಲ್ಲಿ ಕೆಲಸ ಮುಗಿಸಬೇಕು ಅಂತಿದ್ದೆ. ನಿನ್ನ ಕುರ್ಚಿ ಉಳಿಸಲು ನನ್ನ ಒಲೆ ಆರಿಸಬೇಕೇನೋ?

ಮತ್ತೆ ಒಂದು. ನಿನ್ನ ಸಾಹುಕಾರರ ಅರ್ಧ ಹೂಂ ನನಗೆ ಹಿಡಿಸಲಿಲ್ಲ. ನಾಳೆ ಅವರು ಊಹೂಂ ಅಂದರೆ ನೀನೂ ಕೈಚೆಲ್ಲಿ ಕೂರುತ್ತೀಯ. ಆಗ ಓಬಯ್ಯನಂಥವನು ಎರಡನೇ ಸಲ ಗೇಟಿನಲ್ಲಿ ನಿಲ್ಲಬೇಕು. ಆ ಪಾಪ ನನಗೆ ಬೇಡ.

ನಾಗಕ್ಕ


ದಾವಣಗೆರೆ
9 ಡಿಸೆಂಬರ್ 1957

ಅಕ್ಕಾ,

ನಿನ್ನ ಬಾಯಲ್ಲಿ ಏನಿದೆಯೋ, ನೀನು ಅಂದ ಹಾಗೇ ಆಯಿತು.

ಸಾರಥಿಯವರು ನಾಳೆ ಕೊಯ್ಲಿಗೆ ಹೊರಡಬೇಕು ಅನ್ನುವಾಗ ಮುಂಬಯಿಯಿಂದ ದೊಡ್ಡ ಆರ್ಡರು ಬಂತು. ವರ್ಷ ಮುಗಿಯುವುದರೊಳಗೆ ಧೋತರ ಒತ್ತಿ ಕಟ್ಟಿದ ಬೇಲುಗಳು ರೈಲು ಹತ್ತಬೇಕು. ಸಾಹುಕಾರರು ಕರೆಸಿದರು. "ರಜೆ ರದ್ದು ಅಂತ ನೋಟೀಸು ಹಾಕ್ರಿ" ಅಂದರು.

ನಾನು ಅಂದೆ: "ಆಗಲ್ಲರಿ. ಮಾತು ಕೊಟ್ಟೀನಿ."

"ಕೊಟ್ಟೋರು ನೀವು, ನಾನಲ್ಲ."

"ಮಿಲ್ಲಿನ ಹೆಸರಿನಾಗೆ ಕೊಟ್ಟೀನ್ರಿ. ಇವತ್ತು ಮುರಿದ್ರೆ ಈ ಆರ್ಡರೇನೋ ಮುಗಿಯುತ್ತೆ, ಆದ್ರೆ ಮುಂದಿನ ವರ್ಷ ಮಗ್ಗಕ್ಕೆ ಜನಾನೇ ಇರಲ್ಲ. ಸೊಲ್ಲಾಪುರದೋರಿಗೂ ಊರಿಲ್ಲೇನ್ರಿ, ಸುಗ್ಗಿ ಇಲ್ಲೇನ್ರಿ? ಅವರೂ ಹೋಗ್ತಾರೆ. ಆ ನೋಟೀಸಿಗೆ ನಾನು ಸೈನ್ ಹಾಕಲ್ಲ. ನನ್ನನ್ನ ತೆಗೀಬೇಕಾದ್ರೆ ಮೊದಲು ತೆಗೆದು, ಆಮೇಲೆ ನೋಟೀಸು ಹಾಕ್ರಿ."

ನನ್ನ ಬಾಯಿಂದಲೇ ಬಂತೇ ಈ ಮಾತು ಅಂತ ಈಗಲೂ ಆಶ್ಚರ್ಯವಾಗುತ್ತಿದೆ. ಸಾಹುಕಾರರು, "ಬೇಲು ಹೊತ್ತಿಗೆ ಸರಿಯಾಗಿ ಹೋಗದಿದ್ರೆ, ನೀವೇ ಗೇಟು ದಾಟ್ರಿ" ಅಂದರು. ಒಪ್ಪಿಕೊಂಡೆ.

ಸಾರಥಿಯವರು ಹೋದರು. ಹದಡಿಯವರು ಒಬ್ಬೊಬ್ಬರೂ ತಮ್ಮ ಮಗ್ಗದ ಜೊತೆಗೆ ಇನ್ನೊಬ್ಬರ ಮಗ್ಗವನ್ನೂ ಹಿಡಿದಿದ್ದಾರೆ. ಚೌಡವ್ವ ನಡುವೆ ನಿಂತು ಕಿರುಚುತ್ತಿರುತ್ತಾಳೆ: "ನಾಳೆ ನಾವು ಜ್ವಾಳಕ್ಕೆ ಹೋದಾಗ ನಮ್ಮ ಮಗ್ಗಕ್ಕೆ ಅವರು ಬರ್ತಾರೆ ಕಣ್ರಲೇ! ಅವರ ಮಗ್ಗದಾಗೆ ಒಂದು ಎಳೆ ಕಡಿದ್ರೂ ನಮ್ಮೂರಿಗೆ ಮರ್ಯಾದಿ ಇಲ್ಲ!" ಆದರೂ ಕೈ ಸಾಲುತ್ತಿಲ್ಲ. ಅರಿವೆ ಬೇಕಾದಷ್ಟು ಇಳಿಯುತ್ತಿಲ್ಲ. ಓಬಯ್ಯನ ಮಗ್ಗ ಖಾಲಿಯೇ ಇದೆ.

ಹೇಳು ಅಂತ ನಿನ್ನನ್ನು ಮತ್ತೆ ಕೇಳುವುದಿಲ್ಲ. ನಿನ್ನ ಒಲೆ ಉರಿಯಲಿ. ನಾನು ಕೈಚೆಲ್ಲಿ ಕೂರಲಿಲ್ಲ ಅಂತ ನಿನಗೊಬ್ಬಳಿಗೆ ತಿಳಿಯಲಿ ಅಂತ ಬರೆದೆ.

ರಾಮಚಂದ್ರ


ದಾವಣಗೆರೆ
31 ಡಿಸೆಂಬರ್ 1957

ಅಕ್ಕಾ, ಅಕ್ಕಾ!

ಬೇಲುಗಳು ಹೋದವು! ಇವತ್ತು ಗೂಡ್ಸ್ ಗಾಡಿಯಲ್ಲಿ ಹೋದವು! ಗಾರ್ಡು ಹಸಿರು ಬಾವುಟ ಬೀಸಿದಾಗ ನಾನು ಪ್ಲಾಟ್‌ಫಾರಂ ಮೇಲೆ ಹುಡುಗರ ಹಾಗೆ ಕೂಗಿಕೊಂಡೆ, ಸ್ಟೇಷನ್ ಮಾಸ್ತರರು ಗದರಿದರು.

ನಾನು ಕಾಗದ ಹಾಕಿದ ಮೂರ್ನಾಲ್ಕು ದಿನಕ್ಕೆ ಬೆಳಿಗ್ಗೆ ಗೇಟಿನಲ್ಲಿ ಓಬಯ್ಯ ನಿಂತಿದ್ದ. ಅವನ ಬೆನ್ನ ಹಿಂದೆ ಹರಿಹರಕ್ಕೆ ಹೋಗಿದ್ದ ಹಳಬರೆಲ್ಲ. ಅವನ ಪಾಲಿನ ಮುಯ್ಯಾಳಿಗೆ ಹೆಂಡತಿ, ಮೈದುನ ಊರಿಗೆ ಹೋಗಿದ್ದರಂತೆ. ಓಬಯ್ಯ ನೆಟ್ಟಗೆ ತನ್ನ ಮಗ್ಗಕ್ಕೆ ಹೋದ, ಸುತ್ತ ಒಂದು ಸಲ ಕೈಯಾಡಿಸಿದ, ಕಣ್ಣಿಗೆ ಒತ್ತಿಕೊಂಡ, ನಡೆಸಿದ. ಭತ್ತ ಒಕ್ಕಿ ಮುಗಿದ ಮರುದಿನವೇ ಸಾರಥಿಯವರೂ ಬಂದರು, ಒಬ್ಬರೂ ತಪ್ಪಲಿಲ್ಲ. ಕೂದಲಲ್ಲಿ ಇನ್ನೂ ಹೊಟ್ಟು ಇತ್ತು.

ನೀನು ಉತ್ತರ ಬರೆಯಲಿಲ್ಲ. ಸಿಟ್ಟಿನಲ್ಲಿದ್ದೀಯ ಅಂದುಕೊಂಡಿದ್ದೆ. ಇವತ್ತು ಬೇಲು ಹತ್ತಿಸುವಾಗ ಓಬಯ್ಯ ಹೇಳಿದ.

"ಅವತ್ತು ಅಕ್ಕಾರು ನಮಗೆ ಊಟಾನೇ ಬಡಿಸಲಿಲ್ರಿ. ಸೌಟು ಹಿಡ್ಕೊಂಡು ನಿಂತು, 'ಅಲ್ಲಿ ನಿನ್ನ ಮಗ್ಗ ಕಾಯ್ತೈತೆ, ಇಲ್ಲಿ ಮರಳು ಹೊತ್ತು ನನ್ನ ಅನ್ನ ತಿಂತಿಯಾ? ಏಳು ಮ್ಯಾಲೆ' ಅಂದ್ರು. ಮತ್ತೆ ಮಾತು ತಪ್ಪಿದ್ರೆ ಅಂದೆ. ಅದಕ್ಕೆ ಅಕ್ಕಾರು, 'ಆ ಆಫೀಸರು ನನ್ನ ತಮ್ಮ. ನಾನು ಎತ್ತಿ ಆಡಿಸಿದೋನು. ಅವನು ತಪ್ಪಿದ್ರೆ ನನ್ನ ಹತ್ರ ಬಾ. ಒಲೆ ಉರಿಯೋ ತನಕ ಬಿಟ್ಟಿ ಊಟ ಹಾಕ್ತೀನಿ' ಅಂದ್ರು. ಅವತ್ತೇ ಗೊತ್ತಾಗಿದ್ದು ನೋಡ್ರಿ, ನೀವು ಅಕ್ಕಾರ ತಮ್ಮ ಅಂತ. ಮೊದಲೇ ಹೇಳಿದ್ರೆ ಅವತ್ತೇ ಬರ್ತಿದ್ವಿ."

ನಾನು ಅಲ್ಲೇ ಬೇಲಿನ ಮೇಲೆ ಕೂತುಬಿಟ್ಟೆ.

ರಾಮು


ಹರಿಹರ
18 ಜನವರಿ 1958

ರಾಮೂ,

ಆ ಓಬಯ್ಯನಿಗೆ ಇಲ್ಲದ್ದೆಲ್ಲ ಸೇರಿಸಿ ಹೇಳುವ ಚಾಳಿ. ಸೌಟು ಹಿಡಿದಿದ್ದೆ ನಿಜ. ಅನ್ನ ಬಡಿಸುವವಳ ಕೈಯಲ್ಲಿ ಸೌಟಿರದೆ ವೀಣೆ ಇರುತ್ತದೆಯೇ?

ನನ್ನ ಬಗ್ಗೆ ಚಿಂತೆ ಬೇಡ. ಬೆಂಚು ಸ್ವಲ್ಪ ಖಾಲಿ ಹೊಡೆಯುತ್ತಿವೆ, ಒಂದು ಒಲೆ ಸಾಕಾಗಿದೆ. ಹೆಂಚು ಎಲ್ಲಿಗೂ ಓಡಿಹೋಗಲ್ಲ, ಮುಂದಿನ ವರ್ಷ ಹೊದಿಸಿದರಾಯಿತು. ಸಂಕ್ರಾಂತಿಯ ಎಳ್ಳು ಕಳಿಸಿದ್ದೇನೆ.

ಹದಡಿಯವರ ಜೋಳ ಕೊಯ್ಲಿಗೆ ಸಾರಥಿಯವರು ಸರಿಯಾಗಿ ಮಗ್ಗ ಹಿಡಿದರೋ ಇಲ್ಲವೋ, ಅದನ್ನು ಮಾತ್ರ ತಪ್ಪದೆ ಬರೆ. ಒಂದು ಕಡೆಯ ಮುಯ್ಯಾಳು ಮುಯ್ಯಾಳಲ್ಲ.

ನಾಗಕ್ಕ


ದಾವಣಗೆರೆ
8 ಏಪ್ರಿಲ್ 1958

ಅಕ್ಕಾ,

ಬರೆಯಲು ತಡವಾಯಿತು, ಇಲ್ಲಿ ಬಿಡುವಿಲ್ಲದ ಕೆಲಸ. ಹದಡಿಯವರು ಹೋಗಿ ಬಂದರು. ಅವರ ಮಗ್ಗಗಳನ್ನು ಸಾರಥಿಯವರು ಹಿಡಿದರು, ಓಬಯ್ಯ ಎರಡೆರಡು ನಡೆಸಿದ. ಚೌಡವ್ವ ತಿರುಗಿ ಬಂದು ಅರಿವೆಯನ್ನು ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ, ಸಾರಥಿಯೋರಿಗೂ ಕೈ ಐತೆ" ಅಂದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮ್ಮಲ್ಲಿಲ್ಲ.

ಈ ಸುಗ್ಗಿಯಲ್ಲಿ ಬಿಟ್ಟುಹೋದವರು ಯಾರೂ ಇಲ್ಲ. ಮುಂದಿನ ವರ್ಷದ ಊರುವಾರು ರಜೆಯನ್ನು ಸಾಹುಕಾರರೇ ಗೇಟಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದಾರೆ. ಅಳಿಸಲು ಬಾರದ ಬಣ್ಣವೇ ಹಾಕ್ರಿ ಅಂದರಂತೆ.

ಭಾನುವಾರ ನಾನು ಊಟಕ್ಕೆ ಬರುತ್ತೇನೆ. ಒಂದು ಸೇರು ಅಕ್ಕಿ ಜಾಸ್ತಿ ಹಾಕು.

ರಾಮು


ಹರಿಹರ
14 ಏಪ್ರಿಲ್ 1958

ರಾಮೂ,

ಒಂದು ಸೇರಂತೆ ಒಂದು ಸೇರು! ನಿನ್ನ ನಾಲಿಗೆಗೆ ಕೆಂಡ ಇಡಬೇಕು.

ನಿನ್ನೆಯ ಗದ್ದಲದಲ್ಲಿ ನಿನ್ನ ಹತ್ತಿರ ಮಾತಾಡಲು ಬಿಡುವಾಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮುಂಜಾನೆ ರಂಗೋಲಿ ಹಾಕುತ್ತಿದ್ದೆ. ಸಾರಥಿ ಕಡೆಯಿಂದ ಮರದ ತೊಲೆ ಹೇರಿದ ಗಾಡಿಗಳು ಬಂದು ನನ್ನ ಬಾಗಿಲಲ್ಲೇ ನಿಂತವು. ಯಾರ ಮನೆಗಪ್ಪಾ ಅಂತ ಕೇಳಿದೆ. ಓಬಯ್ಯ ಗಾಡಿಯಿಂದ ಧುಮುಕಿ, "ನಿಮ್ಮ ಮನೆಗೇರಿ ಅಕ್ಕಾರೆ, ಮುಯ್ಯಾಳು ಬಂದೀವಿ" ಅಂದ. ಅಷ್ಟರಲ್ಲಿ ರೈಲಿಳಿದು ನಿನ್ನ ಜೊತೆ ಇನ್ನೊಂದು ದಂಡು! ಸ್ಟೇಷನ್ನಿನಿಂದ ನನ್ನ ಬಾಗಿಲವರೆಗೂ ಜನ. ಯಾವ ದೊಡ್ಡ ಮನುಷ್ಯರು ಬಂದರೋ ಅಂತ ಬೀದಿಯವರೆಲ್ಲ ಎದ್ದು ಬಂದರು.

ಆ ಚೌಡವ್ವ ಬಂದವಳೇ ನನ್ನ ಕೈಯಿಂದ ಸೌಟು ಕಿತ್ತುಕೊಂಡಳು. "ನೀವು ಕೂಡ್ರಿ, ಇವತ್ತು ಒಲೆ ನಮ್ಮದು" ಅಂದಳು. ನನ್ನ ಅಡುಗೆಮನೆಯಲ್ಲಿ ನನಗೇ ಅಪ್ಪಣೆ! ಸೋಗೆ ಇಳಿಯಿತು, ತೊಲೆ ಏರಿತು, ಕೈಯಿಂದ ಕೈಗೆ ಹೆಂಚು ಹೋಗುತ್ತಲೇ ಇತ್ತು. ಇಲ್ಲಿನ ಕಾರ್ಖಾನೆಯವರೂ ಸುಮ್ಮನೆ ನೋಡುತ್ತಾ ನಿಂತಿದ್ದವರು ಅಂಗಿ ಬಿಚ್ಚಿ ಸಾಲಿಗೆ ಸೇರಿದರು. ಸಂಜೆಯೊಳಗೆ ನನ್ನ ತಲೆಯ ಮೇಲೆ ಹೆಂಚಿನ ಮಾಡು! ಇವತ್ತು ಮಧ್ಯಾಹ್ನ ಅದೇ ಕಾರ್ಖಾನೆಯವರು ಬೆಂಚು ಸಾಲದಷ್ಟು ಬಂದಿದ್ದರು. ಎರಡನೇ ಒಲೆಯನ್ನೂ ಹಚ್ಚಿದೆ.

ನೀನು ಹೆಂಚಿನ ಧೂಳಿನಲ್ಲಿ ಮುಖ ಕೆಂಪಗೆ ಮಾಡಿಕೊಂಡು, ಎಲ್ಲರ ಸಾಲಿನಲ್ಲಿ ಓಬಯ್ಯನ ಪಕ್ಕ ಬೆಂಚಿನ ಮೇಲೆ ಕೂತು, ಎರಡನೇ ಸಲ ಸಾರು ಕೇಳಿದೆಯಲ್ಲ, ನನಗೆ ಅಷ್ಟೇ ಸಾಕಾಗಿತ್ತು. ನಿಜವಾಗಿಯೂ ಸಾಕಾಗಿತ್ತು.

ನೀವೆಲ್ಲ ರೈಲಿಗೆ ಹೋದ ಮೇಲೆ ಬೀದಿಗೆ ಇಳಿದು ಹೊಸ ಮಾಡನ್ನು ನೋಡೋಣ ಅಂತ ತಲೆ ಎತ್ತಿದೆ. ಆಗ ಕಂಡಿತು, ನೀನು ಹೇಳದೆ ಕೇಳದೆ ಬಾಗಿಲ ಮೇಲೆ ಹೊಡೆಸಿಹೋದ ಬೋರ್ಡು. 'ನಾಗಕ್ಕನ ಖಾನಾವಳಿ' ಅಂತ ದೊಡ್ಡದಾಗಿ. ಅದರ ಕೆಳಗೆ ಇನ್ನೊಂದು ಸಾಲು: 'ಮಾಲೀಕರು: ದಾವಣಗೆರೆ ಮಿಲ್ಲಿನ ಲೇಬರ್ ಆಫೀಸರ್ ಬಿ. ರಾಮಚಂದ್ರಪ್ಪನ ಅಕ್ಕ'.

ಹುಚ್ಚಪ್ಪ, ಬೋರ್ಡಿನ ಮೇಲೆ ಯಾರಾದರೂ ಹಾಗೆ ಬರೆಸುತ್ತಾರೇನೋ? ಬೀದಿಯಲ್ಲಿ ನಿಂತು ಅತ್ತೆ, ನಕ್ಕೆ. ಇವತ್ತು ಬಂದವರೆಲ್ಲ ಅದನ್ನು ಓದಿಯೇ ಒಳಗೆ ಬಂದರು.

ಮುಂದಿನ ಭಾನುವಾರವೂ ಬಾ. ಈ ಸಲ ಒಂದೇ ಸೇರು ಹಾಕುತ್ತೇನೆ.

ನಿನ್ನ ಅಕ್ಕ